ಬೀಚಿಗೆ ಬೆನ್ನು, ಬೆಟ್ಟಕ್ಕೆ ಮುಖ: ಸ್ಕೂಟರಿನಲ್ಲಿ ಬಾಲಿ ಸುತ್ತುವ ಬಗೆ

ಸಿಡೆಮೆನ್ ಕಣಿವೆಯ ಒಂದು ಕವಲಿನಲ್ಲಿ ಸ್ಕೂಟರ್ ನಿಲ್ಲಿಸಿ ದಾರಿ ಕೇಳಿದೆ. ಮನೆ ಮುಂದೆ ತೆಂಗಿನಕಾಯಿ ಸುಲಿಯುತ್ತಿದ್ದ ಅಜ್ಜ ಎಡಕ್ಕೆ ಅನ್ನಲಿಲ್ಲ, ಬಲಕ್ಕೆ ಅನ್ನಲಿಲ್ಲ. ಕತ್ತಿ ಹಿಡಿದಿದ್ದ ಕೈಯನ್ನೇ ಬೆಟ್ಟದ ಕಡೆ ಎತ್ತಿ "ಕಾಜಾ, ಕಾಜಾ" ಅಂದ. ಮೊಬೈಲಿನ ಮ್ಯಾಪ್ ಬೇರೆ ಏನೋ ಹೇಳುತ್ತಿತ್ತು. ನಾನು ಮ್ಯಾಪ್ ನಂಬಿದೆ. ಹತ್ತು ನಿಮಿಷದಲ್ಲಿ ಗದ್ದೆ ಅಂಚಿನ ಮೇಲೆ, ಒಂದೂವರೆ ಅಡಿ ಅಗಲದ ಸಿಮೆಂಟ್ ಪಟ್ಟಿಯಲ್ಲಿ ನಿಂತಿದ್ದೆ. ಎಡಕ್ಕೂ ಕೆಸರು, ಬಲಕ್ಕೂ ಕೆಸರು. ತಿರುಗಿಸಲು ಜಾಗವಿಲ್ಲ. ಹಿಂದೆ ಕೂತಿದ್ದ ಹೆಂಡತಿ ಇಳಿದು ನಡೆದಳು. ನಾನು ಗಾಡಿಯನ್ನು ಹಿಮ್ಮುಖವಾಗಿ ತಳ್ಳಿಕೊಂಡು ಬಂದೆ. ಅಜ್ಜ ಅಲ್ಲೇ ಇದ್ದ. ಮತ್ತೆ ಕೈ ಎತ್ತಿದ, ಅದೇ ಕಡೆಗೆ.

ಕಾಜಾ ಅಂದರೆ ಬೆಟ್ಟದ ಕಡೆ. ಕೆಲೊಡ್ ಅಂದರೆ ಸಮುದ್ರದ ಕಡೆ. ಬಾಲಿಯ ಜನ ದಿಕ್ಕು ಹೇಳುವುದೇ ಹೀಗೆ. ಮನೆಯ ಗುಡಿ ಕಾಜಾ ಬದಿಗೆ, ಅಡುಗೆಮನೆ ಕೆಲೊಡ್ ಬದಿಗೆ. ಮಜಾ ಏನೆಂದರೆ, ದಕ್ಷಿಣ ಬಾಲಿಯಲ್ಲಿ ಕಾಜಾ ಉತ್ತರಕ್ಕಿರುತ್ತದೆ. ಬೆಟ್ಟ ದಾಟಿ ಉತ್ತರದ ಕರಾವಳಿಗೆ ಇಳಿದರೆ ಅದೇ ಕಾಜಾ ದಕ್ಷಿಣಕ್ಕೆ ತಿರುಗಿಬಿಡುತ್ತದೆ. ನಮ್ಮ ಕಡೆ 'ಘಟ್ಟದ ಮೇಲೆ', 'ಘಟ್ಟದ ಕೆಳಗೆ' ಅಂತೀವಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ.

ಸ್ಕೂಟರ್ ಓಡಿಸುವವರಿಗೆ ಇದು ಬರೀ ಭಾಷೆಯ ಸ್ವಾರಸ್ಯ ಅಲ್ಲ. ದ್ವೀಪದ ನಡುವೆ ಅಗ್ನಿಪರ್ವತಗಳ ಸಾಲು. ಅಲ್ಲಿಂದ ಹೊಳೆಗಳು ಸಮುದ್ರಕ್ಕೆ ಇಳಿಯುತ್ತಾ ಆಳವಾದ ಕಮರಿಗಳನ್ನು ಕೊರೆದಿವೆ. ಊರು, ರಸ್ತೆ ಎಲ್ಲ ಎರಡು ಕಮರಿಗಳ ನಡುವಿನ ದಿಣ್ಣೆ ಮೇಲೆ. ಬೆಟ್ಟದಿಂದ ಸಮುದ್ರಕ್ಕೆ ಹೋಗುವ ರಸ್ತೆ ಸಲೀಸು. ಅಡ್ಡಕ್ಕೆ ಹೋಗಬೇಕೆಂದರೆ ಕಮರಿಗೆ ಇಳಿ, ಸೇತುವೆ ದಾಟು, ಮತ್ತೆ ಹತ್ತು. ಮ್ಯಾಪಿನಲ್ಲಿ ನಾಲ್ಕು ಕಿಲೋಮೀಟರ್ ದೂರ ಕಾಣುವ ಊರಿಗೆ ಮುಕ್ಕಾಲು ಗಂಟೆ ಹಿಡಿಯುವುದು ಇದಕ್ಕೇ. ಹಾಗಾಗಿ ದಿನದ ದಾರಿ ಹಾಕುವಾಗ ಆದಷ್ಟೂ ಬೆಟ್ಟ-ಸಮುದ್ರದ ಗೆರೆ ಹಿಡಿಯಿರಿ, ಅಡ್ಡ ದಾಟುವುದನ್ನು ಕಡಿಮೆ ಮಾಡಿ. ಒಟ್ಟಾರೆ ಗಂಟೆಗೆ 25 ಕಿ.ಮೀ. ಅಂತ ಲೆಕ್ಕ ಇಟ್ಟುಕೊಳ್ಳಿ. ದಿನಕ್ಕೆ 50 ಕಿ.ಮೀ. ಧಾರಾಳವಾಯಿತು.

1. ಊರಲ್ಲೇ ಮುಗಿಸಬೇಕಾದ ಕಾಗದದ ಕೆಲಸ

ಬೆಂಗಳೂರಿಂದ ಬಾಲಿಗೆ ನೇರ ವಿಮಾನ ಬಂದ ಮೇಲೆ ಹೋಗುವವರು ಜಾಸ್ತಿಯಾಗಿದ್ದಾರೆ. ಆದರೆ ಅಲ್ಲಿ ಸ್ಕೂಟರ್ ಓಡಿಸಲು ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು ಅನ್ನುವುದನ್ನು ಬಹಳ ಜನ ಕಡೆಗಣಿಸುತ್ತಾರೆ. ಗಾಡಿ ಬಾಡಿಗೆಗೆ ಕೊಡುವವನು ಕೇಳುವುದೇ ಇಲ್ಲ, ಅದು ನಿಜ. ಕೇಳುವವನು ಪೊಲೀಸ್. ಅದಕ್ಕಿಂತ ಮುಖ್ಯವಾಗಿ, ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಇನ್ಶೂರೆನ್ಸ್‌ನವರು ಕೇಳುತ್ತಾರೆ.

ಇದನ್ನು ನಮ್ಮ ಆರ್‌ಟಿಒದಲ್ಲೇ ಮಾಡಿಸಬಹುದು. 4ಎ ನಮೂನೆಯ ಅರ್ಜಿ, 1,000 ರೂಪಾಯಿ ಶುಲ್ಕ, ಒಂದು ವರ್ಷದ ಅವಧಿ. ಕೈಗೆ ಬಂದ ತಕ್ಷಣ ಪುಸ್ತಕ ತೆರೆದು ದ್ವಿಚಕ್ರದ ಕಾಲಂನಲ್ಲಿ ಮುದ್ರೆ ಬಿದ್ದಿದೆಯಾ ನೋಡಿ. ಕಾರಿನ ಲೈಸೆನ್ಸ್ ಮಾತ್ರ ಇದ್ದವರಿಗೆ ಆ ಕಾಲಂ ಖಾಲಿ ಇರುತ್ತದೆ, ಪುಸ್ತಕ ಇದ್ದೂ ಇಲ್ಲದ ಹಾಗೆ. ಮೂಲ ಲೈಸೆನ್ಸನ್ನೂ ಜೊತೆಗೆ ಇಟ್ಟುಕೊಳ್ಳಿ.

ಟ್ರಾವೆಲ್ ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಮೋಟಾರ್‌ಸೈಕಲ್ ಅಪಘಾತಕ್ಕೆ ರಕ್ಷಣೆ ಇದೆಯಾ ಅಂತ ಓದಿ. ಎಷ್ಟೋ ಪಾಲಿಸಿಗಳಲ್ಲಿ ಇರಲ್ಲ. ಇದ್ದರೂ ಲೈಸೆನ್ಸ್, ಹೆಲ್ಮೆಟ್ ಎರಡೂ ಇದ್ದರೆ ಮಾತ್ರ ಅನ್ನುವ ಷರತ್ತು ಇರುತ್ತದೆ.

ಉಳಿದದ್ದು ಸುಲಭ. ಭಾರತೀಯರಿಗೆ ಇಳಿದ ಮೇಲೆ 30 ದಿನದ ವೀಸಾ ಸಿಗುತ್ತದೆ, 5 ಲಕ್ಷ ರುಪಿಯಾ. 2024ರ ಫೆಬ್ರವರಿಯಿಂದ ಪ್ರವಾಸಿಗರಿಗೆ 1.5 ಲಕ್ಷ ರುಪಿಯಾ ತೆರಿಗೆ ಬೇರೆ ಇದೆ. ಲಕ್ಷ ಅಂದಕೂಡಲೇ ಎದೆ ಧಸಕ್ಕೆನ್ನುವುದು ಬೇಡ. ಒಂದು ಲಕ್ಷ ರುಪಿಯಾ ಅಂದರೆ ಸುಮಾರು 500ರಿಂದ 550 ರೂಪಾಯಿ.

ಯಾವಾಗ ಹೋಗುವುದು? ಏಪ್ರಿಲ್‌ನಿಂದ ಅಕ್ಟೋಬರ್ ಒಣ ಕಾಲ, ನವೆಂಬರ್‌ನಿಂದ ಮಾರ್ಚ್ ಮಳೆ. ನಮ್ಮ ಮಳೆಗಾಲಕ್ಕೆ ಪೂರ್ತಿ ಉಲ್ಟಾ, ಜುಲೈನಲ್ಲಿ ಮಲೆನಾಡು ನೆನೆಯುತ್ತಿದ್ದರೆ ಅಲ್ಲಿ ಬಿಸಿಲು. ಯುಗಾದಿ ಹೊತ್ತಿಗೆ ಹೋಗುವುದಾದರೆ ಮಾತ್ರ ಕ್ಯಾಲೆಂಡರ್ ನೋಡಿ. ಬಾಲಿಯವರದ್ದೂ ಶಕ ವರ್ಷವೇ. ಅವರ ಹೊಸ ವರ್ಷ 'ನ್ಯೆಪಿ' ನಮ್ಮ ಯುಗಾದಿಯ ದಿನವೋ, ಅದರ ಆಸುಪಾಸೋ ಬರುತ್ತದೆ. 2026ರಲ್ಲಿ ಎರಡೂ ಮಾರ್ಚ್ 19ಕ್ಕೇ ಬಿದ್ದಿವೆ. ನಾವು ಒಬ್ಬಟ್ಟು ತಿನ್ನುವ ಹೊತ್ತಿಗೆ ಅವರು ದೀಪ ಆರಿಸಿ ಇಡೀ ದಿನ ಮೌನವಾಗಿರುತ್ತಾರೆ. ರಸ್ತೆಗೆ ಯಾರೂ ಇಳಿಯುವಂತಿಲ್ಲ, ಪ್ರವಾಸಿಗರೂ ಅಷ್ಟೇ. ವಿಮಾನ ನಿಲ್ದಾಣವೇ 24 ಗಂಟೆ ಬಂದ್. ಹಿಂದಿನ ಸಂಜೆ ದೈತ್ಯ ಬೊಂಬೆಗಳ ಮೆರವಣಿಗೆ ನೋಡಲು ಹೋಗುವುದಾದರೆ ಸರಿ, ಸ್ಕೂಟರ್ ಓಡಿಸಲು ಹೋಗುವುದಾದರೆ ಬೇಡ.

2. ಕುಟಾದಲ್ಲಿ ಗಾಡಿ ಹಿಡಿಯಬೇಡಿ

ನಾನು ಮೊದಲ ಸಲ ಮಾಡಿದ ತಪ್ಪು ಇದೇ. ದಕ್ಷಿಣದ ಕುಟಾ, ಸೆಮಿನ್ಯಾಕ್, ಚಾಂಗು ಕಡೆ ರೂಮ್ ಮಾಡಿ, ಅಲ್ಲೇ ಸ್ಕೂಟರ್ ತೆಗೆದುಕೊಂಡು, ದಿನಾ ಒಳಗಡೆ ಹೋಗಿ ಬರೋಣ ಅಂದುಕೊಂಡೆ. ದಿನಕ್ಕೆ ಮೂರು ಗಂಟೆ ಲಾರಿ ಹೊಗೆ ಕುಡಿದದ್ದಷ್ಟೇ ಲಾಭ. ಅದಕ್ಕೆ ಸಿಲ್ಕ್ ಬೋರ್ಡ್ ಸಾಕಲ್ವಾ?

ನಿಲ್ದಾಣದಿಂದ ಟ್ಯಾಕ್ಸಿ ಹಿಡಿದು ನೇರ ಉಬುದ್‌ಗೆ ಹೋಗಿ. ಸುಮಾರು 35 ಕಿ.ಮೀ., ಒಂದೂವರೆ ಗಂಟೆ. ಉಬುದ್ ಕೂಡ ಈಗ ಗಿಜಿಗಿಜಿ ಪೇಟೆಯೇ. ಆದರೆ ಅಲ್ಲಿಂದ ಹತ್ತು ನಿಮಿಷ ಕಾಜಾ ಕಡೆ ಹೋದರೆ ಹಳ್ಳಿ ಶುರು. ಒಂದು ಹೋಮ್‌ಸ್ಟೇ ಹಿಡಿದು, ದೊಡ್ಡ ಸೂಟ್‌ಕೇಸನ್ನು ಅಲ್ಲೇ ಬಿಟ್ಟು, ಒಂದು ಬೆನ್ನುಚೀಲದಲ್ಲಿ ಐದಾರು ದಿನಕ್ಕಾಗುವಷ್ಟು ಬಟ್ಟೆ ತುಂಬಿಕೊಂಡು ಹೊರಡುವುದು ಉಪಾಯ. ಕೊನೆಯ ರಾತ್ರಿಗೆ ವಾಪಸ್ ಬರ್ತೀವಿ ಅಂದರೆ ಸಾಮಾನು ಇಟ್ಟುಕೊಳ್ಳಲು ಸಾಮಾನ್ಯವಾಗಿ ಯಾರೂ ಬೇಡ ಅನ್ನಲ್ಲ.

3. ಗಾಡಿ ನೋಡಿ ತಗೊಳ್ಳುವುದು

ಅಲ್ಲಿಯೂ ವಾಹನ ಎಡಗಡೆಯೇ ಓಡುವುದು, ಆಕ್ಟಿವಾ ಓಡಿಸಿದವರಿಗೆ ಹೊಸದೇನೂ ಇಲ್ಲ. ಹೆಚ್ಚು ಸಿಗುವುದು ಹೋಂಡಾ ಸ್ಕೂಪಿ. ನೋಡಲು ಮುದ್ದು, 110 ಸಿಸಿ. ಒಬ್ಬರೇ ಆದರೆ ಸಾಕು. ಇಬ್ಬರು ಕೂತು ಬೆಟ್ಟ ಹತ್ತುವುದಾದರೆ ಹೋಂಡಾ ವೇರಿಯೋ 125 ಅಥವಾ ಅದಕ್ಕಿಂತ ಮೇಲಿನದು. ಯಮಹಾ ಎನ್‌ಮ್ಯಾಕ್ಸ್ ಆರಾಮ ನಿಜ, ಆದರೆ ಭಾರ. ಗದ್ದೆ ಅಂಚಿನ ಮೇಲೆ ಸಿಕ್ಕಿಬಿದ್ದಾಗ ನನ್ನ ಗಾಡಿ ಎನ್‌ಮ್ಯಾಕ್ಸ್ ಆಗಿರಲಿಲ್ಲವಲ್ಲ ಅಂತ ದೇವರಿಗೆ ಕೈ ಮುಗಿದೆ. ಸಣ್ಣ ಗಾಡಿಗೆ ದಿನಕ್ಕೆ 70 ಸಾವಿರದಿಂದ ಒಂದು ಲಕ್ಷ ರುಪಿಯಾ ಕೇಳುತ್ತಾರೆ. ವಾರಕ್ಕೆ ಅಂದರೆ ಇಳಿಯುತ್ತದೆ.

ದುಡ್ಡು ಕೊಡುವ ಮುಂಚೆ ಈ ಕೆಲಸ ಮಾಡಿ. ಗಾಡಿಯ ಸುತ್ತ ಒಂದು ಸುತ್ತು ಹೊಡೆದು ವಿಡಿಯೋ ಮಾಡಿ, ಗೀರು, ಒಡೆದ ಕನ್ನಡಿ ಎಲ್ಲ ಬರಲಿ. ಟೈರಿನ ಗೀಟು ಸವೆದಿದೆಯಾ ಉಗುರಿನಲ್ಲಿ ಮುಟ್ಟಿ ನೋಡಿ. ಎರಡೂ ಬ್ರೇಕ್ ಬೇರೆ ಬೇರೆ ಹಿಡಿದು ತಳ್ಳಿ ನೋಡಿ. ಸೀಟಿನ ಕೆಳಗೆ ಎಸ್‌ಟಿಎನ್‌ಕೆ ಅನ್ನುವ ನೋಂದಣಿ ಕಾಗದ ಇರಬೇಕು, ಪೊಲೀಸರು ಕೇಳುವುದು ಅದನ್ನೇ. ಪಾಸ್‌ಪೋರ್ಟ್ ಅಡ ಇಡಬೇಡಿ. ಜೆರಾಕ್ಸ್ ಕೊಡಿ, ಬೇಕಾದರೆ ಸ್ವಲ್ಪ ಮುಂಗಡ ಕೊಡಿ. ನನಗೊಮ್ಮೆ ಒಬ್ಬ ಬಾಡಿಗೆಯವನು ಹಳೆಯ ಗೀರಿಗೆ ದುಡ್ಡು ಕೇಳಿದ್ದ. ವಿಡಿಯೋ ತೋರಿಸಿದೆ, ನಕ್ಕು ಸುಮ್ಮನಾದ. ಪಾಸ್‌ಪೋರ್ಟ್ ಅವನ ಡ್ರಾಯರಿನಲ್ಲಿದ್ದಿದ್ದರೆ ಅವನು ನಗುತ್ತಿರಲಿಲ್ಲ.

ಇನ್ನೊಂದು. ಹೋಂಡಾ ಗಾಡಿಗಳಲ್ಲಿ ಐಎಸ್‌ಎಸ್ ಅಂತ ಒಂದು ಗುಂಡಿ ಇರುತ್ತದೆ. ಅದು ಆನ್ ಇದ್ದರೆ ನಿಂತ ಕೂಡಲೇ ಎಂಜಿನ್ ತಾನಾಗಿ ಆಫ್ ಆಗುತ್ತದೆ, ಥ್ರಾಟಲ್ ತಿರುಗಿಸಿದರೆ ಹೊರಡುತ್ತದೆ. ಏರಿನಲ್ಲಿ ಕೈಕೊಟ್ಟ ಹಾಗಾಗಿ ಗಾಬರಿಯಾಗುತ್ತದೆ. ಬೆಟ್ಟದಲ್ಲಿ ಆಫ್ ಮಾಡಿಡಿ.

ಹೆಲ್ಮೆಟ್ ಇಬ್ಬರಿಗೂ ಕಡ್ಡಾಯ. ಬಾಡಿಗೆಯ ಜೊತೆ ಕೊಡುವ ಹೆಲ್ಮೆಟ್ ಸಡಿಲವಾಗಿದ್ದರೆ ಬೇರೆ ಕೇಳಿ. ಪೂರ್ತಿ ತೋಳಿನ ಅಂಗಿ, ಶೂ ಹಾಕಿ. ಚಡ್ಡಿ, ಬನಿಯನ್ ಹಾಕಿಕೊಂಡು ಓಡಿಸಿದ ಪ್ರವಾಸಿಗರ ಮೊಣಕಾಲ ಬ್ಯಾಂಡೇಜು ಉಬುದ್‌ನ ಹೋಟೆಲುಗಳಲ್ಲಿ ದಿನಾ ಕಾಣಸಿಗುತ್ತದೆ.

4. ಮೊದಲ ದಿನ ಸುಮ್ನೆ ಅಭ್ಯಾಸ

ಬೆಳಗ್ಗೆ ಏಳಕ್ಕೆ ಹೊರಟು ತಂಪಕ್‌ಸಿರಿಂಗ್ ಕಡೆ ಹೋಗಿ, ಸುಮಾರು 15 ಕಿ.ಮೀ. ತೆಗಲ್ಲಾಲಾಂಗ್‌ನ ಮೆಟ್ಟಿಲು ಗದ್ದೆಯಲ್ಲಿ ಈಗ ಉಯ್ಯಾಲೆ, ಫೋಟೋ ಗೂಡು, ಟಿಕೆಟ್ಟು ಎಲ್ಲ ಬಂದಿವೆ. ನಿಲ್ಲದೆ ಮುಂದೆ ಹೋದರೆ ಅಂಥದ್ದೇ ಗದ್ದೆಗಳು ಬಿಟ್ಟಿಯಾಗಿ ಸಿಗುತ್ತವೆ. ಗುನುಂಗ್ ಕಾವಿಯಲ್ಲಿ ಕಮರಿಯ ಎರಡೂ ದಡದ ಬಂಡೆಯಲ್ಲಿ ಕೆತ್ತಿದ 11ನೇ ಶತಮಾನದ ರಾಜ ಸ್ಮಾರಕಗಳಿವೆ. ಇಳಿಯಲು ನೂರಾರು ಮೆಟ್ಟಿಲು. ಹೊಳೆ, ಕಮರಿ, ದಿಣ್ಣೆ ಅಂತ ಮೇಲೆ ಹೇಳಿದ್ದು ಇಲ್ಲಿ ಮೊಣಕಾಲಿಗೇ ಅರ್ಥವಾಗುತ್ತದೆ.

ಪೆಟ್ರೋಲ್ ಹಾಕಿಸುವುದನ್ನೂ ಇವತ್ತೇ ಕಲಿಯಿರಿ. ಪೆರ್ಟಾಮಿನಾ ಬಂಕಿನಲ್ಲಿ 'ಇಸಿ ಪೆನುಹ್' ಅಂದರೆ ಟ್ಯಾಂಕ್ ತುಂಬಿಸುತ್ತಾರೆ. ಹಳ್ಳಿಗಳಲ್ಲಿ ಬಂಕ್ ಕಡಿಮೆ, ಅಂಗಡಿ ಮುಂದೆ ಗಾಜಿನ ಬಾಟಲಿಯಲ್ಲಿ ಬಣ್ಣದ ದ್ರವ ಸಾಲಾಗಿ ಇಟ್ಟಿರುತ್ತಾರೆ. ಅದು ಪೆಟ್ರೋಲ್. ಲೀಟರಿಗೆ ಬಂಕಿಗಿಂತ ಎರಡು-ಮೂರು ಸಾವಿರ ರುಪಿಯಾ ಹೆಚ್ಚು. ಬೆಟ್ಟಕ್ಕೆ ಹೊರಡುವ ಮುಂಚೆ ಅರ್ಧ ಟ್ಯಾಂಕ್ ಇದ್ದರೂ ತುಂಬಿಸಿ. 'ತಂಬಾಲ್ ಬಾನ್' ಅನ್ನುವ ಬೋರ್ಡ್ ಕಂಡರೆ ಪಂಕ್ಚರ್ ಅಂಗಡಿ. 'ಬೆಂಗ್ಕೆಲ್' ಅಂದರೆ ಗ್ಯಾರೇಜ್. ಇವೆರಡು ಪದ ಗೊತ್ತಿದ್ದರೆ ಅರ್ಧ ಧೈರ್ಯ.

5. ಪೂರ್ವಕ್ಕೆ: ಸಿಡೆಮೆನ್, ಅಮೆಡ್

ಎರಡನೇ ದಿನ ಉಬುದ್‌ನಿಂದ ಗಿಯಾನ್ಯಾರ್, ಕ್ಲುಂಗ್‌ಕುಂಗ್ ಮೂಲಕ ಸಿಡೆಮೆನ್. ಸುಮಾರು 35 ಕಿ.ಮೀ. ಕ್ಲುಂಗ್‌ಕುಂಗ್ ಪೇಟೆಯ ನಟ್ಟನಡುವೆ ಕೆರ್ತಾ ಗೋಸಾ ಅನ್ನುವ ಹಳೆಯ ನ್ಯಾಯಮಂಟಪ ಇದೆ, ಅರ್ಧ ಗಂಟೆ ನಿಲ್ಲಿ. ಚಾವಣಿ ತುಂಬ ಚಿತ್ರ. ನಮ್ಮ ಭೀಮ ನರಕಕ್ಕೆ ಇಳಿದು ಪಾಂಡು, ಮಾದ್ರಿಯರನ್ನು ಬಿಡಿಸಿಕೊಂಡು ಬರುವ ಕಥೆ. ಆರೋಪಿ ತಲೆ ಎತ್ತಿದರೆ ಪಾಪಿಗಳನ್ನು ಕೊಪ್ಪರಿಗೆಯಲ್ಲಿ ಬೇಯಿಸುವುದು ಕಾಣಬೇಕು, ಹಾಗೆ ಬರೆದಿದ್ದಾರೆ.

ಕ್ಲುಂಗ್‌ಕುಂಗ್ ದಾಟಿ ಕಾಜಾ ಕಡೆ ತಿರುಗಿದರೆ ಲಾರಿ ಸದ್ದು ನಿಂತುಹೋಗುತ್ತದೆ. ಸಿಡೆಮೆನ್‌ನಲ್ಲಿ ನೋಡುವ ಜಾಗ ಅಂತ ಹೆಚ್ಚೇನೂ ಇಲ್ಲ, ಅದೇ ಅದರ ಒಳ್ಳೆಯ ಗುಣ. ಗದ್ದೆ, ಹೊಳೆ, ಮನೆಯೊಳಗಿಂದ ಮಗ್ಗದ ಟಕಟಕ. ಮುಂದೆ 3,000 ಮೀಟರಿಗೂ ಎತ್ತರದ ಅಗುಂಗ್ ಪರ್ವತ. ಬೆಳಗ್ಗೆ ಎಂಟರೊಳಗೆ ನೋಡಿಬಿಡಿ, ಆಮೇಲೆ ಮೋಡ ಮುಸುಕು ಹಾಕುತ್ತದೆ. ಇಲ್ಲಿ ಎರಡು ರಾತ್ರಿ ಇರಿ ಅಂತ ನನ್ನ ಸಲಹೆ.

ಆಮೇಲೆ ಸೆಲಾಟ್, ಬೆಬಂದೆಮ್ ಮಾರ್ಗವಾಗಿ ತಿರ್ತಾ ಗಂಗಾ. ಹೆಸರು ಕೇಳಿದರೇ ಗೊತ್ತಾಗುತ್ತದೆ, ತೀರ್ಥಗಂಗೆ. ಕರಂಗಸೆಮ್‌ನ ರಾಜ 1940ರ ದಶಕದಲ್ಲಿ ಕಟ್ಟಿಸಿದ ನೀರಿನ ತೋಟ. ದಾರಿಯಲ್ಲಿ ಸಿಬೆತಾನ್ ಊರಿನ ಸುತ್ತ ಸಲಾಕ್ ತೋಟಗಳು. ಹಾವಿನ ಚರ್ಮದಂಥ ಸಿಪ್ಪೆಯ ಹಣ್ಣು. ತುದಿ ಚಿವುಟಿ ಎಳೆದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಅಲ್ಲಿಂದ ಅಮೆಡ್ 15 ಕಿ.ಮೀ. ಇಳಿಜಾರು.

ಅಮೆಡ್ ಕೂಡ ಬೀಚೇ ಅಲ್ವಾ ಅಂತ ಕೇಳಬಹುದು. ಹೌದು, ಆದರೆ ಕಪ್ಪು ಕಲ್ಲಿನ ಬೀಚು, ಮೀನುಗಾರರದ್ದು. ಒಣ ಕಾಲದಲ್ಲಿ ಇಲ್ಲಿ ಉಪ್ಪು ಮಾಡುತ್ತಾರೆ. ಕಡಲ ನೀರನ್ನು ಮಣ್ಣಿನ ಮಡಿಗೆ ಚೆಲ್ಲಿ ಒಣಗಿಸಿ, ಆ ಮಣ್ಣನ್ನು ಬಿದಿರಿನ ದೊಡ್ಡ ಬುಟ್ಟಿಗೆ ತುಂಬಿ, ಮೇಲಿಂದ ಮತ್ತೆ ನೀರು ಹೊಯ್ದು ಸೋಸುತ್ತಾರೆ. ಕೆಳಗೆ ಇಳಿದ ಗಟ್ಟಿ ಉಪ್ಪುನೀರನ್ನು ತೆಂಗಿನ ಕಾಂಡ ಸೀಳಿ ಕೊರೆದ ದೋಣಿಯಂಥ ತೊಟ್ಟಿಯಲ್ಲಿ ಬಿಸಿಲಿಗೆ ಇಡುತ್ತಾರೆ. ಬೆರಳಲ್ಲಿ ಅದ್ದಿ ನೆಕ್ಕಿ ನೋಡಿ ಅಂದಳು ಒಬ್ಬಾಕೆ. ಕಹಿಯೇ ಇಲ್ಲದ ಉಪ್ಪು. ಅರ್ಧ ಕಿಲೋ ತಂದೆವು, ಮನೆಯಲ್ಲಿ ಮಾವಿನಕಾಯಿಗೆ ಖಾಲಿಯಾಯಿತು.

ಸ್ಕೂಟರಿಗೆ ಇಡೀ ದ್ವೀಪದಲ್ಲಿ ನನಗೆ ಹೆಚ್ಚು ಇಷ್ಟವಾದ ರಸ್ತೆ ಇಲ್ಲೇ ಇದೆ. ಅಮೆಡ್‌ನಿಂದ ಕಡಲಂಚು ಹಿಡಿದು ಸೆರಾಯಾ ಮೂಲಕ ಉಜುಂಗ್‌ವರೆಗೆ, ಸುಮಾರು 30 ಕಿ.ಮೀ. ಒಂದು ಕಡೆ ಒಣ ಬೆಟ್ಟ, ಇನ್ನೊಂದು ಕಡೆ ಕೊಲ್ಲಿ ಮೇಲೆ ಕೊಲ್ಲಿ. ಪ್ರತಿ ತಿರುವಿನಲ್ಲೂ ಕೆಳಗೆ ಬಣ್ಣಬಣ್ಣದ ಜುಕುಂಗ್ ದೋಣಿಗಳ ಸಾಲು. ಕಡಿದಾದ ಏರಿಳಿತ, ಅಲ್ಲಲ್ಲಿ ಜಲ್ಲಿ. ಬೆಳಗ್ಗೆ ಹೋಗಿ, ನೀರು ಎರಡು ಬಾಟಲಿ ಇಟ್ಟುಕೊಳ್ಳಿ.

ಅಮೆಡ್‌ನಿಂದ ಇನ್ನೊಂದು ಬದಿಗೆ ಹತ್ತು-ಹನ್ನೆರಡು ಕಿ.ಮೀ. ಹೋದರೆ ತುಲಂಬೆನ್. 1942ರ ಜನವರಿಯಲ್ಲಿ ಜಪಾನಿನ ಸಬ್‌ಮರೀನ್ ಅಮೆರಿಕದ 'ಲಿಬರ್ಟಿ' ಹಡಗಿಗೆ ಟಾರ್ಪಿಡೊ ಹೊಡೆಯಿತು. ಎಳೆದು ತಂದು ದಡಕ್ಕೆ ಹತ್ತಿಸಿದರು. ಇಪ್ಪತ್ತು ವರ್ಷ ಅಲ್ಲೇ ಬಿದ್ದಿತ್ತು. 1963ರಲ್ಲಿ ಅಗುಂಗ್ ಸಿಡಿಯಿತು, ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ಅಲುಗಾಟಕ್ಕೆ ಹಡಗು ಜಾರಿ ನೀರಿಗೆ ಸೇರಿತು. ಈಗ ದಡದಿಂದಲೇ ಈಜಿಕೊಂಡು ಹೋಗಿ ಸ್ನಾರ್ಕೆಲ್ ಹಾಕಿ ನೋಡಬಹುದು. ಬೆಳಗ್ಗೆ ಬೇಗ ಹೋದಷ್ಟೂ ಒಳ್ಳೆಯದು.

6. ಉತ್ತರ, ಆಮೇಲೆ ಬೆಟ್ಟ

ಅಮೆಡ್‌ನಿಂದ ಸಿಂಗರಾಜಕ್ಕೆ ಸುಮಾರು 80 ಕಿ.ಮೀ. ಇಡೀ ಪ್ರವಾಸದ ಬೇಸರದ ದಿನ ಇದು. ನೇರ ರಸ್ತೆ, ಸುಡುಬಿಸಿಲು, ಮರಳು ಲಾರಿ. ಆರಕ್ಕೆ ಹೊರಟು ಮುಗಿಸಿ. ಸಿಂಗರಾಜದಲ್ಲಿ ಮಾತ್ರ ಗೆಡೊಂಗ್ ಕಿರ್ತ್ಯ ಅನ್ನುವ ಗ್ರಂಥಾಲಯಕ್ಕೆ ಕಚೇರಿ ವೇಳೆಯಲ್ಲಿ ಹೋಗಿ. 1928ರಲ್ಲಿ ಶುರುವಾದದ್ದು. ತಾಳೆಗರಿ ಗ್ರಂಥಗಳ ದೊಡ್ಡ ಸಂಗ್ರಹ. ಪ್ರವಾಸಿಗರು ಬರುವುದೇ ಅಪರೂಪ.

ಸಿಂಗರಾಜದಿಂದ ಗಿತ್‌ಗಿತ್, ವನಗಿರಿ ಮೂಲಕ ಮುಂಡುಕ್. ಇಲ್ಲಿ ಕಾಜಾ ಅಂದರೆ ದಕ್ಷಿಣ ಅನ್ನುವುದು ನೆನಪಿರಲಿ. ಅರ್ಧ ಗಂಟೆ ಹತ್ತುವಷ್ಟರಲ್ಲಿ ಜಾಕೆಟ್ ಬೇಕೆನ್ನಿಸುತ್ತದೆ. ವನಗಿರಿಯ ದಿಣ್ಣೆಯಿಂದ ಬುಯಾನ್, ತಂಬ್ಲಿಂಗಾನ್ ಎರಡೂ ಕೆರೆಗಳು ಕಾಣುತ್ತವೆ. ಮಂಗಗಳಿವೆ. ಕನ್ನಡಕ, ಚೀಲ ಜೋಪಾನ.

ಮುಂಡುಕ್ ಹತ್ತಿರವಾದಾಗ ಮೂಗಿಗೆ ಮೊದಲು ತಿಳಿಯುತ್ತದೆ. ಲವಂಗ. ಕೊಯ್ಲಿನ ಕಾಲವಾದರೆ ರಸ್ತೆ ಬದಿಗೆ ಟಾರ್ಪಾಲು ಹಾಸಿ ಒಣಗಿಸಿರುತ್ತಾರೆ, ನಾವು ಸಾಗರದ ಕಡೆ ಅಡಿಕೆ ಹರವಿದ ಹಾಗೆ. ಎತ್ತರದ ಮರಕ್ಕೆ ಒಂಟಿ ಬಿದಿರಿನ ಏಣಿ, ಮೇಲೆ ಗೋಣಿಚೀಲ ಹೆಗಲಿಗೆ ಹಾಕಿದ ಆಳು. ಕಾಫಿ ಗಿಡಗಳೂ ಇವೆ. ಮಲೆನಾಡಿನವರು ಇಲ್ಲಿ ಎರಡು ದಿನ ಇದ್ದರೆ ಊರಿಗೆ ಫೋನ್ ಮಾಡಿ ಲವಂಗದ ರೇಟು ಕೇಳುವುದು ಗ್ಯಾರಂಟಿ. ನಾನು ಕೇಳಿದೆ.

ಇಳಿಜಾರಿನ ಬಗ್ಗೆ ಒಂದು ಮಾತು

ಇದೊಂದನ್ನು ಬಿಡಿಸಿ ಹೇಳಬೇಕು. ವನಗಿರಿಯಿಂದ ಗಿತ್‌ಗಿತ್ ಕಡೆ ಒಂದು ಸಂಜೆ ಇಳಿಯುತ್ತಿದ್ದೆ. ತಿರುವಿನ ಮೇಲೆ ತಿರುವು. ಎರಡೂ ಬ್ರೇಕ್ ಸಣ್ಣಗೆ ಹಿಡಿದುಕೊಂಡೇ ಬಂದೆ. ಹತ್ತು ನಿಮಿಷದ ಮೇಲೆ ಸುಟ್ಟ ರಬ್ಬರಿನಂಥ ವಾಸನೆ. ಮುಂದಿನ ಲಾರಿಯದ್ದಿರಬೇಕು ಅಂದುಕೊಂಡೆ. ಮುಂದೆ ಲಾರಿಯೇ ಇರಲಿಲ್ಲ. ಮುಂದಿನ ತಿರುವಿನಲ್ಲಿ ಬಲಗೈ ಬ್ರೇಕ್ ಹಿಡಿ ಬೆರಳಿಗೆ ಅಂಟುವವರೆಗೂ ಹೋಯಿತು, ಗಾಡಿ ಮಾತ್ರ ನಿಲ್ಲಲಿಲ್ಲ. ಎಡಕ್ಕೆ ಒಂದು ಲವಂಗ ತೋಟದ ಏರುದಾರಿ ಇತ್ತು. ಅದಕ್ಕೆ ತಿರುಗಿಸಿದೆ, ನಿಂತಿತು. ಡಿಸ್ಕ್ ಮೇಲೆ ಒಂದು ಹನಿ ಮಳೆ ಬಿತ್ತು, ಚುಂಯ್ ಅಂತು.

ಆಗಿದ್ದೇನೆಂದರೆ, ಗೇರಿಲ್ಲದ ಸ್ಕೂಟರಿನಲ್ಲಿ ಥ್ರಾಟಲ್ ಪೂರ್ತಿ ಬಿಟ್ಟು ತೀರಾ ನಿಧಾನವಾದರೆ ಕ್ಲಚ್ ಬಿಟ್ಟುಕೊಳ್ಳುತ್ತದೆ. ಎಂಜಿನ್ನಿನ ಹಿಡಿತ ತಪ್ಪಿ, ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಹಾಗಾಗಿ ಇಳಿಯುವಾಗ ಆಗಾಗ ಥ್ರಾಟಲನ್ನು ಒಂದು ಚೂರು ಕೊಟ್ಟು ಬಿಡಿ, ಎಂಜಿನ್ ಮತ್ತೆ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಬ್ರೇಕನ್ನು ಸದಾ ಹಿಡಿದಿಡಬೇಡಿ. ತಿರುವಿನ ಮುಂಚೆ ಗಟ್ಟಿಯಾಗಿ ಹಿಡಿದು, ಪೂರ್ತಿ ಬಿಟ್ಟು, ಮತ್ತೆ ಹಿಡಿಯಿರಿ. ವಾಸನೆ ಬಂದರೆ ಅಲ್ಲೇ ನಿಂತು ಕಾಲು ಗಂಟೆ ಕಾಯಿರಿ. ಬೇಗ ತಣಿಯಲಿ ಅಂತ ನೀರು ಹೊಯ್ಯಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ.

7. ಜತಿಲುವಿಹ್ ದಾರಿಯಲ್ಲಿ ವಾಪಸ್

ಮುಂಡುಕ್‌ನಿಂದ ಬೆದುಗುಲ್, ಪಚುಂಗ್ ಮೂಲಕ ಜತಿಲುವಿಹ್. ಬೆದುಗುಲ್‌ನಲ್ಲಿ ಕೆರೆಯ ಅಂಚಿಗೆ ಇರುವ ಉಲುನ್ ದನು ಗುಡಿ ಫೋಟೋದವರ ಜಾತ್ರೆ. ಆದರೆ ಅದು ನೀರಿನ ದೇವಿಯ ಗುಡಿ ಅನ್ನುವುದು ತಿಳಿದಿದ್ದರೆ ಮುಂದೆ ಕಾಣುವ ಗದ್ದೆ ಅರ್ಥವಾಗುತ್ತದೆ. ಬಾಲಿಯಲ್ಲಿ ಒಂದೇ ಕಾಲುವೆಯ ನೀರು ಕುಡಿಯುವ ರೈತರೆಲ್ಲ ಸೇರಿ 'ಸುಬಕ್' ಅನ್ನುವ ಕೂಟ ಮಾಡಿಕೊಂಡಿದ್ದಾರೆ. ಸಾವಿರ ವರ್ಷದ ಹಳೆಯ ಏರ್ಪಾಡು. ಅದರ ಮುಖ್ಯಸ್ಥ ಪೆಕಾಸೆಹ್. ನಮ್ಮ ಕೆರೆಗಳ ನೀರುಗಂಟಿ ನೆನಪಾಗುತ್ತಾನೆ. ಆದರೆ ನೀರುಗಂಟಿ ತೂಬು ತೆರೆಯುವವನು, ಪೆಕಾಸೆಹ್ ರೈತರೇ ಆರಿಸಿಕೊಂಡ ಯಜಮಾನ. ಯಾರು ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಒಣ ಬಿಡಬೇಕು ಅನ್ನುವುದು ನೀರಿನ ಗುಡಿಗಳಲ್ಲಿ ತೀರ್ಮಾನವಾಗುತ್ತದೆ.

1970ರ ದಶಕದಲ್ಲಿ ಸರ್ಕಾರ ಹಸಿರು ಕ್ರಾಂತಿ ಅಂತ ಹೊಸ ತಳಿ ತಂದು, ಗುಡಿಯ ಲೆಕ್ಕ ಬಿಡಿ, ಬೆಳೆ ಮೇಲೆ ಬೆಳೆ ತೆಗೆಯಿರಿ ಅಂದಿತು. ಕೀಟ ಮುತ್ತಿ ಬೆಳೆ ಹೋಯಿತು. ಅಕ್ಕಪಕ್ಕದವರೆಲ್ಲ ಒಟ್ಟಿಗೆ ಗದ್ದೆ ಒಣ ಬಿಟ್ಟರೆ ಕೀಟಕ್ಕೆ ತಿನ್ನಲು ಏನೂ ಇರಲ್ಲ, ಗುಡಿಯ ಲೆಕ್ಕದ ಗುಟ್ಟು ಅದು ಅಂತ ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ತೋರಿಸಿಕೊಟ್ಟರು. 2012ರಲ್ಲಿ ಯುನೆಸ್ಕೋ ಈ ಸುಬಕ್ ಭೂಮಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜತಿಲುವಿಹ್‌ನಲ್ಲಿ ಟಿಕೆಟ್ ತೆಗೆದುಕೊಂಡು ಸ್ಕೂಟರನ್ನು ಒಂದು ಕಡೆ ನಿಲ್ಲಿಸಿ ಅಂಚಿನ ಮೇಲೆ ನಡೆಯಿರಿ. ಕಾಲುವೆ ಕವಲೊಡೆಯುವಲ್ಲಿ ಮರದ ತುಂಡಿನಲ್ಲಿ ಕಚ್ಚು ಕೊರೆದು ನೀರನ್ನು ಅಳತೆಯಾಗಿ ಪಾಲು ಮಾಡಿರುವುದು ಕಂಡರೆ ಕೂತು ನೋಡಿ.

ಅಲ್ಲಿಂದ ಉಬುದ್‌ಗೆ ಎರಡು ಗಂಟೆ ಇಟ್ಟುಕೊಳ್ಳಿ. ಅಡ್ಡ ದಾಟುವ ದಾರಿ, ಕಮರಿ ಲೆಕ್ಕ ಮರೆಯಬೇಡಿ. ಪಶ್ಚಿಮಕ್ಕೆ ಗಿಲಿಮನುಕ್ ಕಡೆ ಹೋಗುವ ಹೆದ್ದಾರಿಗೆ ಮಾತ್ರ ಇಳಿಯಬೇಡಿ, ಜಾವಾದಿಂದ ಬರುವ ಲಾರಿ, ಬಸ್ಸುಗಳ ರಸ್ತೆ ಅದು.

8. ರಸ್ತೆಯಲ್ಲಿ, ಊಟದಲ್ಲಿ

ಮನೆ ಮುಂದೆ, ಅಂಗಡಿ ಮುಂದೆ, ಒಮ್ಮೊಮ್ಮೆ ರಸ್ತೆಯ ನಡುವೆಯೂ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಅನ್ನದ ಕಾಳು, ಊದುಬತ್ತಿ ಇಟ್ಟಿರುತ್ತಾರೆ. ಚನಾಂಗ್ ಅಂತ ಹೆಸರು. ತಪ್ಪಿಸಿಕೊಂಡು ಹೋಗಿ. ಮೆರವಣಿಗೆ ಬಂದರೆ ಕಪ್ಪು-ಬಿಳಿ ಚೌಕಳಿ ಪಂಚೆ ಉಟ್ಟ ಪೆಚಲಾಂಗ್‌ಗಳು, ಅಂದರೆ ಊರ ಕಾವಲಿನವರು, ರಸ್ತೆ ತಡೆಯುತ್ತಾರೆ. ಎಂಜಿನ್ ಆಫ್ ಮಾಡಿ ಕಾಯಿರಿ, ಹಾರ್ನ್ ಬೇಡ. ಅಲ್ಲಿ ಹಾರ್ನ್ ಅಂದರೆ 'ನಾನು ಬರ್ತಿದ್ದೀನಿ' ಅನ್ನುವ ಒಂದು ಸಣ್ಣ ಪೀಪ್, ನಮ್ಮ ಥರ ಬೈಗುಳ ಅಲ್ಲ. ಗುಡಿಗೆ ಹೋಗಲು ಸೊಂಟಕ್ಕೆ ಸರೋಂಗ್ ಬೇಕು, ಒಂದು ಪಂಚೆ ಚೀಲದಲ್ಲಿದ್ದರೆ ಸಾಕು. ಮುಟ್ಟಾದವರು ಒಳಗೆ ಬರಬಾರದು ಅಂತ ಹೊರಗೆ ಬೋರ್ಡ್ ಇರುತ್ತದೆ. ಕತ್ತಲಾದ ಮೇಲೆ ಓಡಿಸಬೇಡಿ, ನಾಯಿ ಜಾಸ್ತಿ, ಬೆಳಕು ಕಡಿಮೆ.

ಸಸ್ಯಾಹಾರಿಗಳಿಗೆ ತೊಂದರೆ ಮಾಂಸದ್ದಲ್ಲ, ತೆರಾಸಿಯದ್ದು. ಸಿಗಡಿಯಿಂದ ಮಾಡಿದ ಆ ಮುದ್ದೆ ಎಷ್ಟೋ ಸಾಂಬಾಲ್ ಚಟ್ನಿಗಳಲ್ಲಿ ಇರುತ್ತದೆ. 'ತನ್ಪಾ ದಾಗಿಂಗ್, ತನ್ಪಾ ಇಕಾನ್, ತನ್ಪಾ ತೆರಾಸಿ', ಮಾಂಸ ಬೇಡ, ಮೀನು ಬೇಡ, ಸಿಗಡಿ ಮುದ್ದೆ ಬೇಡ, ಇದನ್ನು ಬಾಯಿಪಾಠ ಮಾಡಿ. ತೆಂಪೆ (ಹುದುಗಿಸಿದ ಸೋಯಾ), ತಾಹು (ತೋಫು), ಗಾಡೋ-ಗಾಡೋ (ಕಡಲೆಕಾಯಿ ಗೊಜ್ಜು ಹಾಕಿದ ತರಕಾರಿ) ಎಲ್ಲ ಕಡೆ ಸಿಗುತ್ತವೆ.

ಆದರೆ ಬೆಳಗಿನ ಸಂತೆಗೆ ಹೋಗದೆ ಬರಬೇಡಿ. ಲಕ್‌ಲಕ್ ಅಂತ ಒಂದಿದೆ. ಮಣ್ಣಿನ ಗುಳಿ ಕಾವಲಿಗೆ ಅಕ್ಕಿ ಹಿಟ್ಟು ಹೊಯ್ದು, ಮುಚ್ಚಳ ಮುಚ್ಚಿ ಬೇಯಿಸಿ, ಮೇಲೆ ಕಾಯಿತುರಿ, ಕರಗಿಸಿದ ತಾಳೆಬೆಲ್ಲ. ನಮ್ಮ ಪಡ್ಡಿನ ದಾಯಾದಿ. ಕ್ಲೆಪೊನ್ ಇನ್ನೊಂದು, ಅಕ್ಕಿ ಹಿಟ್ಟಿನ ಉಂಡೆಯೊಳಗೆ ಬೆಲ್ಲ. ಬಾಯಿ ಮುಚ್ಚಿಕೊಂಡು ಕಚ್ಚಿ, ಇಲ್ಲದಿದ್ದರೆ ಬೆಲ್ಲದ ಪಾಕ ಎದುರಿಗಿರುವವರ ಅಂಗಿಗೆ.

9. ಗಾಡಿ ಒಪ್ಪಿಸುವುದು

ವಿಮಾನದ ಹಿಂದಿನ ಸಂಜೆಯೇ ಗಾಡಿ ಕೊಟ್ಟುಬಿಡಿ. ಕೊಡುವ ಮುಂಚೆ ಕೆಸರು ತೊಳೆಸಿ, ಪೆಟ್ರೋಲ್ ಇದ್ದಷ್ಟೇ ಮಟ್ಟಕ್ಕೆ ತನ್ನಿ, ಮತ್ತೆ ಒಂದು ವಿಡಿಯೋ ಮಾಡಿ. ನಿಲ್ದಾಣಕ್ಕೆ ಟ್ಯಾಕ್ಸಿ ಹೇಳಿ. ಸಂಜೆಯ ವಿಮಾನವಾದರೆ ಉಬುದ್‌ನಿಂದ ದಾರಿಗೇ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಅಲ್ಲಿ ಕೊಂಡ ಪ್ಲಾಸ್ಟಿಕ್ ರೈನ್‌ಕೋಟನ್ನು ಹೋಮ್‌ಸ್ಟೇಯಲ್ಲೇ ಬಿಟ್ಟು ಬನ್ನಿ, ಮುಂದೆ ಬರುವವರಿಗೆ ಆಗುತ್ತದೆ. ನಮಗೂ ಮೊದಲ ದಿನ ಹಾಗೇ ಸಿಕ್ಕಿದ್ದು.